ಹೊರಗಿನವರ ಗಡಿಯಾರ

ಕಳೆದ ವಾರ ನಮ್ಮ ಮಾಲೀಕರು ನನ್ನಿಂದ ಒಂದು ಟಿಪ್ಪಣಿ ಕೇಳಿದರು. ಹೊಸದಾಗಿ ಸೇರಿದ ಇಬ್ಬರಿಗೆ ಓದಲು ಕೊಡಬೇಕಂತೆ: ನಾವು ತಯಾರಿಸುವ ಸಾಫ್ಟ್‌ವೇರ್‌ಗೆ ಡಿಜಿಟಲ್ ಸಹಿ ಹಾಕುವಾಗ ಯಾವ ಟೈಮ್‌ಸ್ಟ್ಯಾಂಪ್ ಸರ್ವರ್ ಬಳಸಬೇಕು, ಏಕೆ ಬಳಸಬೇಕು. ಯಾವುದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದೆ. ಏಕೆ ಎಂಬಲ್ಲಿಗೆ ಬಂದು ನಿಂತೆ. ನನಗೆ ಗೊತ್ತಿರುವ ಕಾರಣಗಳೆಲ್ಲ ಒಬ್ಬರ ದನಿಯಲ್ಲೇ ನೆನಪಾಗುತ್ತವೆ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಕಚೇರಿಯ ಟಿಪ್ಪಣಿಯಲ್ಲಿ ಅವರಿಗೆ ಜಾಗವಿಲ್ಲ. ಅದಕ್ಕೆ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಅವರಿಗೆ ಸಂಕೋಚವಾಗುತ್ತಿತ್ತು.

ನಮ್ಮ ಕಚೇರಿ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿದೆ. ನಾನು ಎಂಸಿಎ ಮುಗಿಸಿ ಸೇರಿದಾಗ ಒಟ್ಟು ಐದು ಜನ ಇದ್ದೆವು. ಹನ್ನೊಂದು ಹಳ್ಳಿಗಳ ಹಾಲಿನ ಸಂಘಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಹಾಲು ತಂದವರ ಹೆಸರು, ಅಳತೆ, ಫ್ಯಾಟು, ತಾರೀಖು, ವೇಳೆ ಎಲ್ಲ ಕಂಪ್ಯೂಟರಿಗೆ ಹೋಗಿ ಒಂದು ಚೀಟಿಯಾಗಿ ಹೊರಬರುತ್ತದೆ. ದೊಡ್ಡ ಸಂಗತಿ ಏನಲ್ಲ. ಆದರೆ ಬೆಳಗ್ಗೆ ಆರು ಗಂಟೆಗೆ ಅದು ತೆರೆಯದಿದ್ದರೆ ಕ್ಯಾನು ಹಿಡಿದವರ ಸಾಲು ರಸ್ತೆಯವರೆಗೆ ಬೆಳೆಯುತ್ತದೆ, ಹಾಲು ಕಾಯುವುದಿಲ್ಲ.

ನನ್ನ ಸಂದರ್ಶನ ಮಾಡಿದವರು ಆ ದನಿಯವರೇ. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನ ಅಂಕಪಟ್ಟಿಯನ್ನು ನೋಡಿ ಮಡಚಿಟ್ಟು, "ನಿನ್ನ ಕೈಗಡಿಯಾರದಾಗೆ ಟೈಮ್ ಎಷ್ಟೈತಮ್ಮ?" ಎಂದರು. ಹತ್ತು ಐದು ಎಂದೆ. ಪಕ್ಕದ ಮೇಜಿನವರನ್ನು ಕೇಳಿದರು, ಹತ್ತು ಎರಡು. ಮಾಲೀಕರನ್ನು ಕೇಳಿದರು, ಹತ್ತು ಎಂಟು.

"ಮೂರು ಮಂದಿ, ಮೂರು ಟೈಮು. ಯಾರು ಸುಳ್ಳು ಹೇಳಿದ್ರು?"

"ಯಾರೂ ಇಲ್ಲ ಸರ್."

"ಮತ್ತೆ ಯಾರ್ದು ನಂಬಾಣ?"

ನಾನು ಸ್ವಲ್ಪ ಯೋಚಿಸಿ, "ಈ ಕೋಣೇಲಿ ಇಲ್ಲದೋರ್ದು" ಎಂದೆ. ಅದು ಬುದ್ಧಿವಂತಿಕೆಯ ಉತ್ತರವಾಗಿರಲಿಲ್ಲ, ಬೇರೇನೂ ಹೊಳೆದಿರಲಿಲ್ಲ. ಅವರು ಮಾಲೀಕರ ಕಡೆ ತಿರುಗಿ, "ತಗಳ್ರಿ ಈಕಿನ್ನ" ಎಂದರು.

ಅವರ ಮನೆ ಹರಿಹರದಲ್ಲಿತ್ತು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತರಾಗಿದ್ದರು. ಗೇಟಿನ ಪಕ್ಕದ ಕಿಟಕಿಯಲ್ಲಿ ಕುಳಿತು, ಒಳಗೆ ಹೋಗುವವರ ಹೊರಗೆ ಬರುವವರ ಕಾರ್ಡಿಗೆ ಗಡಿಯಾರದ ಮುದ್ರೆ ಬಿತ್ತೇ ಇಲ್ಲವೇ ನೋಡುವ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಅವರ ಜೊತೆಯವರು ಕಿರಾಣಿ ಅಂಗಡಿ ಇಟ್ಟರು, ಆಟೋ ಓಡಿಸಿದರು. ಇವರು ನಲವತ್ತರ ವಯಸ್ಸಿನಲ್ಲಿ ಕಾಲೇಜು ಹುಡುಗರ ನಡುವೆ ಕುಳಿತು ಕಂಪ್ಯೂಟರ್ ಕಲಿತರು. ದಿನವೂ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮಲ್ಲಿ ಯಾರಾದರೂ ತಡವಾಗಿ ಬಂದರೆ ಏನೂ ಅನ್ನುತ್ತಿರಲಿಲ್ಲ, ಗಡಿಯಾರದ ಕಡೆ ಮಾತ್ರ ಬೇಕೆಂದೇ ನೋಡುತ್ತಿರಲಿಲ್ಲ. ಅವರು ನೋಡದೆ ಇರುವುದು ನಮಗೆ ಕಾಣುತ್ತಿತ್ತು.

ಕೆಳಗಿನ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುವ ದಿನ ಕಚೇರಿಯಲ್ಲಿ ಎಲ್ಲರೂ ಸೀನುತ್ತಿದ್ದೆವು. ಅವತ್ತು ಅವರು ತಪ್ಪದೆ ಮಿರ್ಚಿ ಬಜ್ಜಿ ತರಿಸುತ್ತಿದ್ದರು. "ಹೆಂಗಿದ್ರೂ ಕಣ್ಣಾಗೆ ನೀರು ಬರ್ತಾವು. ರುಚಿಗೆ ಬಂದ್ವು ಅಂತಾದ್ರೂ ಆಗ್ಲಿ."

ಸಹಿ ಹಾಕುವ ಕೆಲಸ ಅವರೊಬ್ಬರದೇ. ಅದಕ್ಕೆ ಹಿಂದೊಂದು ಘಟನೆ ಇತ್ತು. ಯಾವುದೋ ಊರಿನಲ್ಲಿ ಯಾರೋ ನಮ್ಮ ಸಾಫ್ಟ್‌ವೇರನ್ನು ತಿದ್ದಿ, ಕೆಲವರ ಹಾಲಿನ ಫ್ಯಾಟು ಹೆಚ್ಚಾಗಿ ಕಾಣುವಂತೆ ಮಾಡಿದ್ದರು. ಅಂದಿನಿಂದ ನಾವು ಕಳಿಸುವ ಪ್ರತಿಯೊಂದಕ್ಕೂ ಕಂಪನಿಯ ಡಿಜಿಟಲ್ ಸಹಿ ಇರುತ್ತದೆ. ಸಂಘದ ಕಂಪ್ಯೂಟರ್ ದಿನವೂ ತೆರೆಯುವ ಮೊದಲು ಆ ಸಹಿಯನ್ನು ಪರೀಕ್ಷಿಸುತ್ತದೆ. ಸರಿಯಿಲ್ಲದಿದ್ದರೆ ತೆರೆಯುವುದೇ ಇಲ್ಲ. ಸಹಿ ಹಾಕಲು ಪೆನ್‌ಡ್ರೈವಿನಂಥ ಒಂದು ಟೋಕನ್ ಇದೆ, ಅದಕ್ಕೊಂದು ಪಿನ್ನು. ಟೋಕನ್ನಿನ ಒಳಗಿರುವ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಅವಧಿ ಮುಗಿದರೆ ಹಳೆಯ ಸಹಿಗಳ ಗತಿ ಏನು ಎಂಬುದೇ ಪ್ರಶ್ನೆ.

ಕೊಂಡಜ್ಜಿ ಎಂಬ ಊರಿನ ಸಂಘದ ಸೆಕ್ರೆಟರಿಗೆ ಅವರು ಇದನ್ನು ಬಿಡಿಸಿ ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಸೆಕ್ರೆಟರಿ ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವ ಮನುಷ್ಯ.

"ತಹಶೀಲ್ದಾರ್ರು ವರ್ಗ ಆಗಿ ಹೋದ್ರು ಅಂತ ಅವ್ರು ಹಾಕಿದ ಸಹಿ ಹೋಗುತ್ತೇನ್ರಿ?" ಎಂದು ಇವರು ಶುರುಮಾಡಿದರು.

"ಅದೆಂಗೆ ಹೋಗುತ್ರಿ."

"ಆದ್ರೆ ಆ ಕುರ್ಚಿ ಮ್ಯಾಲೆ ಕುಂತಾಗ್ಲೇ ಹಾಕಿದ್ದು ಅಂತ ಗೊತ್ತಾಗ್ಬೇಕಲ್ಲ? ಹೋದ ಮ್ಯಾಲೆ ಮನ್ಯಾಗೆ ಕುಂತು ಹಳೇ ತಾರೀಖು ಬರ್ದು ಹಾಕಿದ್ರೆ?"

"ಅಂಥೋರೂ ಅದಾರೆ ಬಿಡ್ರಿ."

"ಅದ್ಕೇ ತಾರೀಖು ಸಹಿ ಹಾಕಿದೋರು ಬರೀಬಾರ್ದು. ಮೂರನೇಯೋರು ಮುದ್ರೆ ಒತ್ತಬೇಕು. ಇಂಥಾ ದಿವ್ಸ, ಇಂಥಾ ಹೊತ್ನಾಗೆ ಈ ಸಹಿ ನಾ ನೋಡೀನಿ ಅಂತ."

ಟೈಮ್‌ಸ್ಟ್ಯಾಂಪ್ ಸರ್ವರ್ ಎಂದರೆ ಅಷ್ಟೇ. ಎಲ್ಲೋ ದೂರದಲ್ಲಿರುವ, ನಮಗೆ ಸಂಬಂಧವಿಲ್ಲದ ಒಂದು ಸಂಸ್ಥೆಯ ಗಡಿಯಾರ. ನಮ್ಮ ಸಹಿಯ ಗುರುತನ್ನು ಅಲ್ಲಿಗೆ ಕಳಿಸಿದರೆ, ವೇಳೆಯನ್ನು ನಮೂದಿಸಿ ತನ್ನ ಮುದ್ರೆಯೊತ್ತಿ ಹಿಂದಿರುಗಿಸುತ್ತದೆ. ಆ ಮುದ್ರೆ ಇದ್ದರೆ ನಮ್ಮ ಪ್ರಮಾಣಪತ್ರದ ಅವಧಿ ಮುಗಿದ ಮೇಲೂ ಸಹಿ ಉಳಿಯುತ್ತದೆ. ಇಲ್ಲದಿದ್ದರೆ ಅವಧಿ ಮುಗಿದ ಬೆಳಗ್ಗೆಯೇ ಸಹಿ ಬಿದ್ದುಹೋಗುತ್ತದೆ, ಡೇರಿಯ ಕಂಪ್ಯೂಟರ್ ತೆರೆಯುವುದಿಲ್ಲ.

ಒಮ್ಮೆ ಮಾಲೀಕರು, ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದವರು, "ಆ ಸರ್ವರು ಈ ಸರ್ವರು ಅಂತ ಯಾಕೆ ಕಾಯ್ಬೇಕು? ನಮ್ದೇ ಒಂದು ಇಟ್ಕಂಡ್ರೆ ಆತಲ್ಲ ಗುರುಗಳೇ" ಎಂದಿದ್ದರು.

"ನಿಮ್ಮ ಮದುವಿ ರಿಜಿಸ್ಟರ್ ಮಾಡಿಸಿದಾಗ ಸಾಕ್ಷಿ ಸಹಿ ನೀವೇ ಹಾಕಿದ್ರೇನ್ರಿ?"

ಮಾಲೀಕರು ನಕ್ಕುಬಿಟ್ಟರು.

ಸರ್ವರ್ ಆರಿಸುವುದನ್ನು ಅವರು ಹೆಣ್ಣು ಗಂಡಿನ ಸಂಬಂಧ ನೋಡುವ ಹಾಗೆ ಮಾಡುತ್ತಿದ್ದರು. ಒಂದು ದಿನ ಉತ್ತರ ಬಂತೆಂದು ಒಪ್ಪುತ್ತಿರಲಿಲ್ಲ. ತಿಂಗಳುಗಟ್ಟಲೆ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ ನೋಡಿ, ಉತ್ತರ ಎಷ್ಟು ಬೇಗ ಬಂತು, ಎಷ್ಟು ಸಲ ಬರಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದರು. "ಹೇಳಿ ಕಳ್ಸಿ ಹೋದ್ರೆ ಎಲ್ಲಾ ಮನೇನೂ ಸಾರ್ಸಿ ಗುಡ್ಸಿರ್ತವೆ. ಹೇಳ್ದಂಗೆ ಹೋಗ್ಬೇಕು." ಮುದ್ರೆ ಒತ್ತುವ ಸರ್ವರ್‌ಗೂ ತನ್ನದೇ ಪ್ರಮಾಣಪತ್ರವಿರುತ್ತದೆ, ಅದರ ಅವಧಿ ಎಷ್ಟು ವರ್ಷ ಎಂದು ನೋಡುತ್ತಿದ್ದರು. ನಾಳೆ ಊರು ಬಿಡುವವನ ಸಾಕ್ಷಿ ಯಾರಿಗೆ ಬೇಕು ಎನ್ನುವುದು ಅವರ ವಾದ. ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದು ಇರಲೆಂದು ಎರಡು ಆರಿಸಿದ್ದರು. ಅದಕ್ಕೂ ಮೊದಲು ಆರಿಸಿದ್ದ ಒಂದು ಜೋಡಿಯನ್ನು ಬಿಟ್ಟೇಬಿಟ್ಟಿದ್ದರು. ವಿಳಾಸ ಬೇರೆಯಾದರೂ ಎರಡೂ ಒಂದೇ ಸಂಸ್ಥೆಯವು, ಬಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ ಎಂದು ಅವರಿಗೆ ಗೊತ್ತಾಗಿತ್ತು. "ಒಂದೇ ಮನಿಗೆ ಎರಡು ಬಾಗ್ಲು" ಎಂದರು, ಮೋಸಹೋದವರಂತೆ.

ಎಲ್ಲಕ್ಕಿಂತ ಮುಖ್ಯವಾಗಿ ಅವರು ಒಂದು ಹಳೆಯ ಕಂಪ್ಯೂಟರನ್ನು ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಹಳ್ಳಿಯ ಸಂಘಗಳಲ್ಲಿ ಇರುವಂಥದೇ, ವರ್ಷಗಳಿಂದ ಇಂಟರ್‌ನೆಟ್ ಕಾಣದ್ದು. ನಮ್ಮ ಹೊಸ ಕಂಪ್ಯೂಟರ್‌ಗಳು ಒಪ್ಪುವ ಮುದ್ರೆಯನ್ನು ಅದು ಗುರುತಿಸದೆ ಇರಬಹುದು. ಅದರಲ್ಲಿ ತೆರೆದು, ಮುದ್ರೆ ಹಾಕಿದವರು ಯಾರು ಎಂಬುದು ಅದಕ್ಕೆ ತಿಳಿಯಿತೇ ಎಂದು ನೋಡಿದ ಮೇಲೆಯೇ ಏನನ್ನಾದರೂ ಹೊರಗೆ ಕಳಿಸುತ್ತಿದ್ದರು. "ಸಾಕ್ಷಿ ನಿನಗೆ ಗೊತ್ತಿದ್ರೆ ಏನ್ ಬಂತು? ಕೋರ್ಟಿಗೆ ಗೊತ್ತಿರ್ಬೇಕು."

ಅವರು ಕೆಲಸ ಬಿಡುವ ವರ್ಷ ಟೋಕನ್ ಯಾರ ಕೈಗೆ ಹೋಗುತ್ತದೆ ಎಂಬ ಮಾತು ಶುರುವಾಯಿತು. ಮಾಲೀಕರು ನೇರವಾಗಿಯೇ ಹೇಳಿದರು: ಇಲ್ಲಿ ನಂಬುವಂಥವರು ಸಿಕ್ಕರೆ ಸರಿ, ಇಲ್ಲವಾದರೆ ಸಹಿ ಹಾಕಿ ಕಳಿಸುವ ಕೆಲಸವನ್ನೇ ಬೆಂಗಳೂರಿನ ಒಂದು ಕಂಪನಿಗೆ ವಹಿಸಿಬಿಡುವುದು. ನನಗೆ ಅದು ಬೇಕಿತ್ತು. ಮನೆಯಲ್ಲೂ ಹೇಳಿರಲಿಲ್ಲ, ಅವರಿಗೂ ಹೇಳಿರಲಿಲ್ಲ. ನಾನು ಬರೆದ ಕೋಡನ್ನು ನಾಳೆ ಬೇರೆಯವರು ಅಳಿಸಿ ಬರೆಯಬಹುದು. ಆದರೆ ಇದು ನಮ್ಮದೇ, ಇದರಲ್ಲಿ ಕಲಬೆರಕೆ ಇಲ್ಲ ಎಂದು ಹನ್ನೊಂದು ಊರುಗಳಿಗೆ ಮಾತು ಕೊಡುವ ಕೆಲಸ ಒಬ್ಬರದೇ. ಆ ಒಬ್ಬರು ನಾನಾಗಬೇಕು ಎಂದು ಎಷ್ಟು ಆಸೆಪಟ್ಟಿದ್ದೆನೆಂದರೆ, ಅವರು ಟೋಕನ್ ತೆಗೆಯುವಾಗ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ.

ಅದೇ ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹತ್ತು ದಿನದ ರಜೆ. ಹೋಗುವಾಗ ಟೋಕನ್, ಪಿನ್ನು ಎರಡನ್ನೂ ನನಗೆ ಕೊಟ್ಟರು. "ಅವಸರ ಬಿದ್ರೆ ಅಷ್ಟೇ. ಹಾಳೆ ಮ್ಯಾಲೆ ಇರೋ ಎರಡು ಸರ್ವರ್ ಬಿಟ್ಟು ಮೂರನೇದು ಬ್ಯಾಡ. ಎರಡೂ ಮಾತಾಡ್ಲಿಲ್ಲ ಅಂದ್ರೆ ಅವತ್ತು ಏನೂ ಕಳ್ಸಂಗಿಲ್ಲ."

ಅವಸರ ಬಿತ್ತು. ಫ್ಯಾಟ್ ನೋಡುವ ಹೊಸ ಯಂತ್ರಗಳು ಸಂಘಗಳಿಗೆ ಬಂದಿದ್ದವು, ಅದಕ್ಕೆ ತಕ್ಕಂತೆ ತಿದ್ದಿದ ಸಾಫ್ಟ್‌ವೇರ್ ಅಂದೇ ಹೋಗಬೇಕಿತ್ತು. ಚರಂಡಿಗೆಂದು ಬೀದಿ ಅಗೆದವರು ಕೇಬಲ್ ಕಡಿದಿದ್ದರು. ನನ್ನ ಫೋನಿನ ಇಂಟರ್‌ನೆಟ್ಟಿನಲ್ಲಿ ಕೆಲಸ ನಡೆಸಿದ್ದೆ. ಮೊದಲ ಸರ್ವರ್ ಉತ್ತರಿಸಲಿಲ್ಲ. ಎರಡನೆಯದೂ ಇಲ್ಲ. ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಸಂಘಗಳಿಗೆ ಒಯ್ಯುವವರು ಬೈಕ್ ಚಾಲೂ ಮಾಡಿಕೊಂಡು ಕೆಳಗೆ ಕಾಯುತ್ತಿದ್ದರು. ಮಾಲೀಕರು ನನ್ನ ಬೆನ್ನ ಹಿಂದೆ ನಿಂತು ತಮ್ಮ ಫೋನಿನಲ್ಲಿ ಹುಡುಕಿ, "ಇಲ್ಲೊಂದು ಐತೆ ನೋಡಮ್ಮ, ಫ್ರೀ ಅಂತೆ" ಎಂದರು.

ಆ ಹೆಸರು ನಾನು ಕೇಳಿರಲಿಲ್ಲ. ವಿಳಾಸ ಹಾಕಿದೆ. ಒಂದೇ ಸಲಕ್ಕೆ ಮುದ್ರೆ ಬಂತು. ನನ್ನ ಕಂಪ್ಯೂಟರಿನಲ್ಲಿ ಹಸಿರು ಗುರುತು ಕಂಡಿತು. ಮೂಲೆಯ ಹಳೆಯ ಕಂಪ್ಯೂಟರ್ ಶುರುವಾಗಲು ಐದು ನಿಮಿಷ ಬೇಕು. ನಾನು ಆ ಐದು ನಿಮಿಷ ಕಾಯಲಿಲ್ಲ.

ಮಾರನೆಯ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅದರಲ್ಲಿ ತೆರೆದು ನೋಡಿದೆ. ಸಹಿ ಸರಿಯಿದೆ, ಮುದ್ರೆ ಹಾಕಿದವರು ಯಾರೆಂದು ತಿಳಿಯುತ್ತಿಲ್ಲ ಎಂದು ಬರೆದು ತೋರಿಸಿತು. ಅಂದರೆ ಪ್ರಮಾಣಪತ್ರ ಇರುವತನಕ ಎಲ್ಲ ನಡೆಯುತ್ತದೆ. ಮುಗಿದ ದಿನ ಹನ್ನೊಂದು ಊರುಗಳಲ್ಲೂ ನಿಲ್ಲುತ್ತದೆ. ಕಂಪ್ಯೂಟರ್ ಆಫ್ ಮಾಡಿದೆ. ಪ್ರಮಾಣಪತ್ರಕ್ಕೆ ಇನ್ನೂ ಒಂದು ತಿಂಗಳಿದೆ, ಹೊಸದು ಬಂದ ಕೂಡಲೇ ಎಲ್ಲಕ್ಕೂ ಹೊಸ ಸಹಿ ಹಾಕಿ ಕಳಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಹೇಳಿದರೆ ಟೋಕನ್ ಬೆಂಗಳೂರಿಗೆ ಹೋಗುತ್ತಿತ್ತು.

ಹೊಸದು ಬರಲಿಲ್ಲ. ಕಂಪನಿಯ ಕಾಗದಗಳಲ್ಲಿ ಎರಡು ವಿಳಾಸ ಇದ್ದವಂತೆ, ಅದು ಸರಿಯಾಗುವವರೆಗೆ ಕೊಡುವುದಿಲ್ಲ ಎಂದು ಉತ್ತರ ಬಂತು. ಒಂಬತ್ತು ದಿನ ಉಳಿದಿತ್ತು. ಆಗ ಅವರು ಕೆಲಸಕ್ಕೆ ಮರಳಿದ್ದರು, ಕಪ್ಪು ಕನ್ನಡಕ ಹಾಕಿಕೊಂಡು. ಮಾಲೀಕರು ಗಾಬರಿಯಾದಾಗ ಅವರು ಆರಾಮವಾಗಿ ಹೇಳಿದರು: "ಹತ್ತು ದಿವ್ಸ ತಡ ಆದ್ರೆ ಏನಾತು? ಹೊಸಾದು ಕಳ್ಸಾಕೆ ಆಗಲ್ಲ, ಅಷ್ಟೇ. ಊರಾಗೆ ಇರೋವು ನಡೀತಾವೆ. ಎಲ್ಲಾದಕ್ಕೂ ಮುದ್ರೆ ಬಿದ್ದಾವೆ. ನಾ ಇಲ್ದಾಗ ಈಕಿ ಹಾಕ್ಯಾಳೆ, ನಾ ಹಾಕಿದಂಗೇ ಲೆಕ್ಕ."

ಅವರು ನೋಡದೇ ಇದ್ದುದಕ್ಕೆ ಮಾತು ಕೊಟ್ಟಿದ್ದರು, ಅವರ ಸ್ವಭಾವಕ್ಕೆ ವಿರುದ್ಧವಾಗಿ, ನನ್ನ ಮೇಲಿನ ನಂಬಿಕೆಯಿಂದ.

ಮಾರನೆಯ ದಿನ ಭಾನುವಾರ. ಬಸ್ ಹತ್ತಿ ಹರಿಹರಕ್ಕೆ ಹೋದೆ. ಅವರ ಮನೆಗೆ ಅದೇ ಮೊದಲ ಸಲ. ಬಾಗಿಲು ತೆಗೆದವರು ಅವರ ಹೆಂಡತಿ.

"ಬಾರವ್ವ, ಕೂಡು. ನೀನೇನಾ ಆ ಹುಡುಗಿ? ಇವ್ರು ಅಲ್ಲಿ ಏನ್ ಮಾಡ್ತಾರೆ ಅಂತ ನೀನಾದ್ರೂ ಹೇಳು. ಕೇಳಿದ್ರೆ ಟೈಮ್ ಕೇಳ್ತೀನಿ ಅಂತಾರೆ. ಟೈಮ್ ಕೇಳಾಕೆ ದಾವಣಗೆರಿಗೆ ಹೋಗ್ಬೇಕಾ? ಮನಿಯಾಗೆ ಎರಡು ಗಡಿಯಾರ ಅದಾವೆ."

"ಎರಡೂ ಬ್ಯಾರೆ ಬ್ಯಾರೆ ಟೈಮ್ ತೋರಿಸ್ತಾವಲ್ಲ" ಎಂದು ಒಳಗಿನಿಂದ ದನಿ ಬಂತು.

"ಕೇಳಿದ್ಯಾ? ಇದೇ ಉತ್ತರ, ಇಪ್ಪತ್ತು ವರ್ಷದಿಂದ." ಹೆಂಡತಿ ಚಹಾ ಮಾಡಲು ಒಳಗೆ ಹೋದರು, ಇವರು ಹೊರಬಂದು ಎದುರಿಗೆ ಕುಳಿತರು.

ನಾನು ಎಲ್ಲವನ್ನೂ ಹೇಳಿದೆ. ಸುತ್ತಿ ಬಳಸದೆ, ನಡೆದ ಕ್ರಮದಲ್ಲೇ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಪರೇಷನ್ ಆದ ಕಣ್ಣು ಇನ್ನೂ ಕೆಂಪಗಿತ್ತು.

"ಹಳೇ ಕಂಪ್ಯೂಟರ್‌ನಾಗೆ ನೋಡಿದ್ಯಾ?"

"ನೋಡಿದೆ ಸರ್."

"ಯಾವಾಗ?"

"ಮಾರನೇ ದಿನಾನೇ."

ಬೈಯುತ್ತಾರೆಂದು ಕಾದೆ. "ಅಂದ್ರೆ ಮೂರು ವಾರ ಒಬ್ಳೇ ಹೊತ್ಕಂಡು ತಿರುಗೀಯ" ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಾರ್ಖಾನೆಯ ಒಂದು ಸಂಗತಿ ಹೇಳಿದರು. ಒಮ್ಮೆ ಗೇಟಿನ ಗಡಿಯಾರ ಕೆಟ್ಟು ರಿಪೇರಿಗೆ ಹೋಗಿತ್ತು. ಆ ವಾರ ಇವರೇ ಕೈಯಲ್ಲಿ ವೇಳೆ ಬರೆಯುತ್ತಿದ್ದರು. ಒಂದು ಸಂಜೆ ಯಾರೋ ಮೇಲ್ವಿಚಾರಕರನ್ನು ತಳ್ಳಿ ಗಾಯ ಮಾಡಿದರು. ಆಪಾದನೆ ಕೊಕ್ಕನೂರಿನ ಒಬ್ಬ ಕೆಲಸಗಾರನ ಮೇಲೆ ಬಂತು. ಅವನು ಅದಕ್ಕೂ ಒಂದು ಗಂಟೆ ಮೊದಲೇ ಗೇಟು ದಾಟಿ ಹೋಗಿದ್ದ. ಇವರು ಕಣ್ಣಾರೆ ನೋಡಿದ್ದರು, ಪುಸ್ತಕದಲ್ಲಿ ಬರೆದೂ ಇದ್ದರು. ವಿಚಾರಣೆಯಲ್ಲಿ ಆ ಪುಸ್ತಕ ತೋರಿಸಿದರು.

"'ನಿಮ್ಮ ಊರು ಯಾವ್ದು?' ಅಂದ್ರು. 'ಕೊಕ್ಕನೂರು' ಅಂದೆ. 'ಅವನ್ದು?' ಅಂದ್ರು. ಅಷ್ಟೇ. ಪುಸ್ತಕ ಮುಚ್ಚಿದ್ರು. ನಾ ಬರ್ದಿದ್ದು ಸತ್ಯಾನೇ ಇತ್ತಮ್ಮ. ಆದ್ರೆ ಬರ್ದೋನು ನಾನಾಗಿದ್ದೆ." ಅವನ ಕೆಲಸ ಹೋಯಿತು. "ಅವ ನನ್ನ ಯಾವತ್ತೂ ಬೈಲಿಲ್ಲ. ಕಂಡಾಗೆಲ್ಲ ನಮಸ್ಕಾರ ಮಾಡ್ತಾನೆ. ಅದ್ಕೇ ನಾ ಊರ ಕಡಿಗೆ ಹೋಗೋದು ಕಡಿಮಿ ಮಾಡ್ದೆ."

ಚಹಾ ಬಂತು. ಕುಡಿದು ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ. "ಮಾಲೀಕರಿಗೆ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ ಸರ್."

ಹೇಳಿದೆ. ಮಾಲೀಕರು ಕೂಗಾಡಲಿಲ್ಲ, ಆದರೆ ಬೆಂಗಳೂರಿನ ಕಂಪನಿಗೆ ಫೋನ್ ಮಾಡುತ್ತೇನೆ ಎಂದರು. ಸರ್ವರ್ ಹುಡುಕಿ ಕೊಟ್ಟವರು ತಾವೇ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ, ನಾನು ನೆನಪಿಸಲಿಲ್ಲ. ಆಮೇಲೆ ಒಂದು ಉಪಾಯ ಹೇಳಿದರು. "ಊರೂರು ಅಲೆಯೋದು ಯಾಕೆ? ಆ ಕಂಪ್ಯೂಟರ್‌ಗಳ ತಾರೀಖು ಒಂದು ತಿಂಗ್ಳು ಹಿಂದಕ್ಕೆ ಇಡ್ರಿ ಅಂತ ಫೋನ್‌ನಾಗೆ ಹೇಳಿದ್ರೆ ಆತು. ಅವಧಿ ಮುಗಿದಿದ್ದು ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಚೀಟಿ ಮ್ಯಾಲೂ ಹೋದ ತಿಂಗ್ಳ ತಾರೀಖೇ ಬೀಳುತ್ತೆ" ಎಂದರು ಇವರು. "ಒಂದು ತಿಂಗ್ಳ ಹಳೇ ಹಾಲು ಯಾರು ಕುಡೀತಾರ್ರಿ?"

ಅಂದೇ ಹಾಳೆಯ ಮೇಲಿನ ಮೊದಲ ಸರ್ವರಿನಿಂದ ಹೊಸ ಮುದ್ರೆ ತೆಗೆದುಕೊಂಡೆವು. ಮುದ್ರೆಯ ಮೇಲೆ ಅಂದಿನ ತಾರೀಖೇ ಬಿತ್ತು, ನಾನು ಸಹಿ ಹಾಕಿದ ತಾರೀಖಲ್ಲ. ತಡವಾದದ್ದು ಅದರಲ್ಲಿ ಕಾಣುತ್ತಿತ್ತು. "ಕಾಣ್ಲಿ" ಎಂದರು. ಹಳೆಯ ಕಂಪ್ಯೂಟರಿನಲ್ಲಿ ಐದು ನಿಮಿಷ ಕಾದು ನೋಡಿದೆವು. ಗುರುತಿಸಿತು.

ಉಳಿದ ದಿನಗಳಲ್ಲಿ ಹನ್ನೊಂದು ಊರುಗಳಿಗೂ ಹೋದೆವು, ನನ್ನ ಸ್ಕೂಟಿಯಲ್ಲಿ. ಕೆಂಪು ಕಣ್ಣಿಗೆ ಧೂಳು ತಾಗದಂತೆ ಅವರು ಹಿಂದೆ ಕುಳಿತು ಕರವಸ್ತ್ರ ಹಿಡಿದುಕೊಳ್ಳುತ್ತಿದ್ದರು. ಸಂಘಗಳು ತೆರೆಯುವುದು ಹಾಲಿನ ಹೊತ್ತಿಗೆ ಮಾತ್ರ, ಹೀಗಾಗಿ ಬೆಳಗ್ಗೆ ಒಂದು ಊರು, ಸಂಜೆ ಒಂದು ಊರು. ಮೊದಲು ಹೋದದ್ದು ಕೊಂಡಜ್ಜಿಗೆ.

"ಏನ್ ಮೇಡಂ, ಇಷ್ಟು ಹೊತ್ತಿಗೇ? ಹಾಲು ಹಾಕಾಕೆ ಬಂದ್ರೇನ್ರಿ?" ಎಂದ ಸೆಕ್ರೆಟರಿ. ಸಾಲಿನಲ್ಲಿದ್ದ ಹೆಂಗಸರು ನಕ್ಕರು. "ಮೊನ್ನೆ ತಾನೇ ಹೊಸಾದು ಹಾಕಿ ಹೋಗ್ಯಾರಲ್ಲ, ಮತ್ತ್ಯಾಕೆ?"

ನಾನು ಅವರ ಕಡೆ ನೋಡಿದೆ. ಅವರು ಫ್ಯಾಟ್ ನೋಡುವ ಯಂತ್ರದ ಮೇಲೆ ಬರೆದದ್ದನ್ನು ಓದುತ್ತಿದ್ದರು. ಉತ್ತರ ಕೊಡುವವರು ಅವರಲ್ಲ ಎಂಬುದು ಸ್ಪಷ್ಟವಿತ್ತು.

"ಹಿಂದಿನದರಲ್ಲಿ ತಪ್ಪಿತ್ತು. ತಪ್ಪು ನಂದು. ಹಂಗೇ ಬಿಟ್ಟಿದ್ರೆ ಮುಂದಿನ ವಾರ ನಿಮ್ಮ ಕಂಪ್ಯೂಟರ್ ನಿಲ್ತಿತ್ತು" ಎಂದೆ.

ಸೆಕ್ರೆಟರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿ ಬಿಟ್ಟುಕೊಟ್ಟ. ಹತ್ತು ಕಡೆ ಇದೇ ಮಾತನ್ನು ಮತ್ತೆ ಹೇಳಿದೆ. ಹೇಳುತ್ತ ಹೇಳುತ್ತ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ.

ಕೊಕ್ಕನೂರಿನಲ್ಲಿ ಅವರು ಒಳಗೆ ಬಾರದೆ ಸಂಘದ ಕಟ್ಟೆಯ ಮೇಲೆ ಕುಳಿತರು. ನಾನು ಕೆಲಸ ಮುಗಿಸಿ ಹೊರಬಂದಾಗ ಅವರ ಪಕ್ಕದಲ್ಲಿ ಇನ್ನೊಬ್ಬರು ಖಾಲಿ ಕ್ಯಾನು ಇಟ್ಟುಕೊಂಡು ಕುಳಿತಿದ್ದರು. ಯಾರೆಂದು ನನಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ಏನ್ ಟೈಮ್ ಆಫೀಸ್ನೋರೇ, ಊರು ಮರ್ತೇಬಿಟ್ರಲ್ಲ" ಎನ್ನುತ್ತ ಆತ ತನ್ನ ಚೀಟಿಯನ್ನು ಅವರ ಕಣ್ಣ ಹತ್ತಿರ ಹಿಡಿದ. "ನೋಡ್ರಿ, ಆರು ಹನ್ನೆರಡು. ಈಗ ಬ್ಯಾಡ ಅಂದ್ರೂ ಟೈಮ್ ಬರ್ದು ಕೊಡ್ತಾರೆ." ಇಬ್ಬರೂ ನಕ್ಕರು.

ಪ್ರಮಾಣಪತ್ರದ ಅವಧಿ ಮುಗಿದ ಬೆಳಗ್ಗೆ ನಾವಿಬ್ಬರೂ ಬೇಗ ಬಂದು ಫೋನ್ ಮುಂದಿಟ್ಟುಕೊಂಡು ಕುಳಿತೆವು. ಆರು ಗಂಟೆಯಾಯಿತು, ಆರೂವರೆ, ಏಳು. ಯಾರೂ ಫೋನ್ ಮಾಡಲಿಲ್ಲ. ಎಲ್ಲ ಕಡೆ ತೆರೆದಿತ್ತು.

ಅದೇ ವಾರ ಹೊಸ ಪ್ರಮಾಣಪತ್ರವೂ ಬಂತು. ಮಾಲೀಕರು ಇಬ್ಬರನ್ನೂ ಕೂರಿಸಿಕೊಂಡು ಕೇಳಿದರು. "ಗುರುಗಳೇ, ಬೆಂಗ್ಳೂರಿನೋರು ಉತ್ತರ ಕೇಳ್ತಿದಾರೆ. ಟೋಕನ್ ಈಕಿ ಕೈಗೆ ಕೊಡಬಹುದಾ, ಇಲ್ಲಾ? ನೀವು ಹೂಂ ಅಂದ್ರೆ ಕೊಡ್ತೀನಿ."

ನಾನು ಮೇಜಿನ ಅಂಚು ನೋಡುತ್ತಿದ್ದೆ. ಅವರು ಹೂಂ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು.

"ನನ್ನ ಕೇಳಬ್ಯಾಡ್ರಿ" ಎಂದರು.

ಮಾಲೀಕರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ನಾನು ಆಕಿ ಕಡೆಯೋನು. ನಾ ಹೂಂ ಅಂದ್ರೆ ಅದಕ್ಕೆ ಬೆಲೆ ಇಲ್ಲ. ಕೊಂಡಜ್ಜಿ ಸೆಕ್ರೆಟರಿನ್ನ ಕೇಳ್ರಿ. ಅವ್ನಿಗೆ ಈಕಿ ಏನೂ ಆಗ್ಬೇಕಿಲ್ಲ, ನಿಮ್ಮ ಮ್ಯಾಲೂ ಪ್ರೀತಿ ಇಲ್ಲ."

ಮಾಲೀಕರು ಫೋನ್ ಹಚ್ಚಿದರು. ಇವರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಬಾಗಿಲು ಎಳೆದುಕೊಂಡರು. ಫೋನಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಯಾರು, ಆ ಸ್ಕೂಟಿ ಮೇಡಮ್ಮ? ಮಂದಿ ಮುಂದ್ಲೇ ತಪ್ಪು ನಂದು ಅಂದ್ಳು ರೀ ಆಕಿ. ಇಷ್ಟು ವರ್ಷದಾಗೆ ಕಂಪ್ಯೂಟ್ರಿನೋರು ಕರೆಂಟ್ ಮ್ಯಾಲೆ ಹಾಕ್ಯಾರೆ, ಇಲಿ ಮ್ಯಾಲೆ ಹಾಕ್ಯಾರೆ, ನಮ್ಮ ಮ್ಯಾಲೆ ಹಾಕ್ಯಾರೆ. ನಂದು ಅಂದೋರ್ನ ನಾ ನೋಡಿದ್ದಿಲ್ಲ. ಯಾಕ್ರಿ, ಕೆಲ್ಸದಿಂದ ತಗೀತೀರೇನು? ತಗದ್ರೆ ಮುಂದಿನ ಸಲ ತಪ್ಪಾದಾಗ ನಮಗೆ ಹೇಳೋರು ಯಾರು?"

ಮಾಲೀಕರು ಫೋನ್ ಇಟ್ಟು ಬಾಗಿಲು ತೆಗೆದರು. ಅವರು ಒಳಗೆ ಬಂದು, ಏನಾಯಿತೆಂದು ಕೇಳದೆ, ನನ್ನ ಮುಖವನ್ನೂ ನೋಡದೆ ತಮ್ಮ ಮೇಜಿಗೆ ಹೋದರು. ಮಾಲೀಕರು, "ಕೊಟ್ಟುಬಿಡ್ರಿ ಗುರುಗಳೇ" ಎಂದ ಮೇಲೆ ಖಾನೆಯಿಂದ ಟೋಕನ್ ತೆಗೆದು ನನ್ನ ಕೀಬೋರ್ಡಿನ ಪಕ್ಕದಲ್ಲಿ ಇಟ್ಟರು.

"ಪಿನ್ ಬದ್ಲು ಮಾಡು. ಈಗ್ಲೇ. ನನಗೆ ಹೇಳಬ್ಯಾಡ."

"ನಿಮಗೆ ಗೊತ್ತಿದ್ರೆ ಏನ್ ಸರ್..."

"ಬ್ಯಾಡ" ಎಂದು ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು.

ಹೊಸ ಪಿನ್ ಒತ್ತಿದೆ. ಮತ್ತೊಮ್ಮೆ ಒತ್ತು ಎಂದು ಕೇಳಿತು, ಒತ್ತಿದೆ.

"ಆತಾ?"

"ಆಯ್ತು ಸರ್."

ಅವರು ಕೂಡಲೇ ತಿರುಗಲಿಲ್ಲ. ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಗೋಡೆಯ ಕಡೆಗೇ ಮುಖ ಮಾಡಿಕೊಂಡು, ಬಹಳ ಹೊತ್ತು.